ಶುಂಠಿ ನಾಯಿಯನ್ನು ಕಳಿಸಿಕೊಟ್ಟ ದಿನ

ಕೊರೊನಾ ಮುಗಿದು ಜನ ಮಾಸ್ಕ್ ತೆಗೆದು ಬಿಸಾಡಿದ ವರ್ಷ ನಡೆದದ್ದು ಇದು. ಆಗ ನಾನು ಇಂದಿರಾನಗರದ ಒಂದು ಮನೆಯಲ್ಲಿ ನಾಯಿಗಳಿಗೆ ಅಡುಗೆ ಮಾಡುತ್ತಿದ್ದೆ. ಮನುಷ್ಯರಿಗಲ್ಲ, ನಾಯಿಗಳಿಗೆ. ಮನುಷ್ಯರಿಗೆ ಬೇರೆ ಅಡುಗೆಯವಳಿದ್ದಳು. ಕೋಳಿ, ಅನ್ನ, ಸಿಹಿಗುಂಬಳ, ಎಲ್ಲವನ್ನೂ ಉಪ್ಪಿಲ್ಲದೆ ಬೇಯಿಸಿ ಆರಿಸಿಡಬೇಕು. ಮರ್ಫಿ ಟೌನಿನಲ್ಲಿ ನಮ್ಮ ಬೀದಿಯವರು ಕೇಳಿ ನಕ್ಕರು. ನಗಲಿ. ನನಗೆ ನಾಯಿ ಕಂಡರೆ ಪ್ರೀತಿಯೂ ಇಲ್ಲ, ಹೆದರಿಕೆಯೂ ಇಲ್ಲ. ಕೆಲಸ, ಅಷ್ಟೇ.

ಮನೆಯ ಯಜಮಾನರು ದೊಡ್ಡ ಕಂಪನಿಯೊಂದರ ಮುಖ್ಯಸ್ಥರು, ಹುಬ್ಬಳ್ಳಿ ಕಡೆಯವರು. ಅವರಿಗೆ ಹುಚ್ಚುಗಳು ಹಲವು. ಬೆಳಿಗ್ಗೆ ಸೈಕಲ್, ತಾರಸಿ ತುಂಬ ಮುಳ್ಳುಗಿಡ, ಮೂರು ನಾಯಿ. ಶನಿವಾರ ಬಂದರೆ ವಿಶ್ವವಿದ್ಯಾಲಯ. ವಯಸ್ಸಾದ ನಾಯಿಗಳಿಗೆ ಮರೆವು ಯಾಕೆ ಬರುತ್ತದೆ ಎಂದು ಅಲ್ಲಿ ಸಂಶೋಧನೆ ನಡೆಯುತ್ತಿತ್ತು. ಅದಕ್ಕೆ ಇವರು ದುಡ್ಡೂ ಕೊಡುತ್ತಿದ್ದರು, ಹೋಗಿ ಅಲ್ಲಿನವರ ಜೊತೆ ಕೂತೂ ಬರುತ್ತಿದ್ದರು. ಇವರ ತಾಯಿ ಕೊನೆಗಾಲದಲ್ಲಿ ಮಗನನ್ನೇ ಗುರುತು ಹಿಡಿಯದೆ ಹೋದರಂತೆ. ಕಂಪನಿಯಿಂದ ಬಂದಾಗ ಜೋತುಬಿದ್ದಿರುತ್ತಿದ್ದ ಮುಖ ಶನಿವಾರ ಸಂಜೆ ಬೇರೆಯೇ ಆಗಿರುತ್ತಿತ್ತು. ಅಡುಗೆಮನೆಗೇ ಬಂದು, "ನಾಯಿ ಮಿದುಳೂ ನಮ್ಮ ಮಿದುಳೂ ಮುಪ್ಪಾಗೋದು ಒಂದೇ ಥರ, ಗೊತ್ತೇನಮ್ಮ?" ಎನ್ನುತ್ತಿದ್ದರು.

"ಹಾಗಾದ್ರೆ ಅವಕ್ಕೆ ಉಪ್ಪು ಯಾಕೆ ಹಾಕ್ಬಾರ್ದು?" ಅಂದಿದ್ದೆ ಒಮ್ಮೆ. ಅವರು ನಕ್ಕುಬಿಟ್ಟರು.

ಮೂರರಲ್ಲಿ ಹಳೆಯದು ಶುಂಠಿ. ಮೈಬಣ್ಣ ನೋಡಿ ಇಟ್ಟ ಹೆಸರು. ಅದಕ್ಕೂ ಮರೆವು ಬಂತು. ತಿಂದು ಮುಗಿಸಿದ ತಟ್ಟೆಯ ಮುಂದೆಯೇ ಮತ್ತೆ ಊಟಕ್ಕೆ ಕಾಯುವುದು, ಗೋಡೆಗೆ ಮೂತಿ ಇಟ್ಟುಕೊಂಡು ಸುಮ್ಮನೆ ನಿಂತಿರುವುದು. ವಿಶ್ವವಿದ್ಯಾಲಯದವರು ಆಗಾಗ ಬಂದು ಅದನ್ನು ಪರೀಕ್ಷೆ ಮಾಡಿ ಹೋಗುತ್ತಿದ್ದರು. ಸತ್ತ ಮೇಲೆ ಅದರ ಮಿದುಳನ್ನು ಸಂಶೋಧನೆಗೆ ಕೊಡುತ್ತೇನೆ ಎಂದು ಸಾರ್ ತಾವಾಗಿಯೇ ಮಾತು ಕೊಟ್ಟಿದ್ದರು.

ಒಂದು ಬೆಳಿಗ್ಗೆ ಹೋಗಿ ಕುಕ್ಕರ್ ಇಟ್ಟಿದ್ದೆ. ಡ್ರೈವರ್ ಬಾಷಾ ಬಂದು, "ಅಮ್ಮಾ, ಇವತ್ತು ಎರಡೇ ತಟ್ಟೆ ಸಾಕು. ಶುಂಠಿ ಹೋಗ್ಬಿಡ್ತು," ಅಂದ.

ಹಿಂದಿನ ಅಂಗಳಕ್ಕೆ ಹೋದರೆ ಸಾರ್ ನೆಲದ ಮೇಲೆ ಕೂತಿದ್ದರು. ಶುಂಠಿಯ ತಲೆ ಅವರ ತೊಡೆಯ ಮೇಲಿತ್ತು. ವಿಶ್ವವಿದ್ಯಾಲಯದ ಡಾಕ್ಟರಮ್ಮ, ಇನ್ನೂ ಚಿಕ್ಕ ವಯಸ್ಸಿನವಳು, ಎದುರಿಗೆ ನಿಂತಿದ್ದಳು. ಹೊರಗೆ ಅವರ ವ್ಯಾನು. ಫೋನ್ ಮಾಡಿ ಕರೆಸಿದ್ದು ಸಾರ್ ಅವರೇ. ಈಗ ಕೊಡಲು ಕೈ ಬರುತ್ತಿಲ್ಲ.

"ನಾಳಿ ಬರ್ರಿ," ಅಂದರು. ಆಫೀಸಿನವರ ಜೊತೆ ಇಂಗ್ಲಿಷ್, ನಮ್ಮ ಜೊತೆ ಬೆಂಗಳೂರು ಕನ್ನಡ ಆಡುವ ಮನುಷ್ಯ. ಅವತ್ತು ಬಾಯಿಗೆ ಬಂದದ್ದು ಹುಬ್ಬಳ್ಳಿ ಮಾತು.

"ಇನ್ನು ಸ್ವಲ್ಪ ಹೊತ್ತಾದ್ರೆ ಮಿದುಳು ಕೆಡುತ್ತೆ ಸಾರ್. ಆಮೇಲೆ ಏನೂ ಗೊತ್ತಾಗಲ್ಲ," ಅಂದಳು ಆ ಹುಡುಗಿ.

"ಹಂಗಾದ್ರ ಬ್ಯಾಡ ಬಿಡ್ರಿ. ಇಲ್ಲೇ ಮಣ್ಣು ಮಾಡ್ತೀನಿ."

ಬಾಗಿಲಲ್ಲಿ ನಿಂತಿದ್ದ ಸಾರ್ ಹೆಂಡತಿ, ನಮ್ಮ ಮೇಡಂ, ಒಳಗೆ ಹೋದರು. ಬಾಷಾ ನನ್ನ ಕಿವಿಯಲ್ಲಿ, "ನೀವೇ ಹೇಳಿ ಅಮ್ಮಾ. ನಿಮ್ಮನ್ನ ಬೈಯೋ ಧೈರ್ಯ ಇಲ್ಲಿ ಯಾರಿಗೂ ಇಲ್ಲ," ಅಂದ.

"ಕೆಲಸ ಹೋದ್ರೆ ನೀನು ಕೊಡಿಸ್ತೀಯೇನೋ?" ಅಂದೆ. ಆದರೂ ಹೋಗಿ ಸಾರ್ ಪಕ್ಕ ಮೆಟ್ಟಿಲ ಮೇಲೆ ಕೂತೆ. ಮಂಡಿ ನೋವು, ನಿಂತು ಮಾತಾಡಲು ಆಗುವುದಿಲ್ಲ.

"ಸಾರ್, ನಮ್ಮ ಮನೆಯವರು ಆಸ್ಪತ್ರೆಯಲ್ಲಿ ಸತ್ತಾಗ ನರ್ಸಮ್ಮ ಬಂದು ಕಣ್ಣು ಕೊಡ್ತೀರಾ ಅಂತ ಕೇಳಿದ್ಲು. ನನ್ನ ಮೈದುನ ಹೊಡೆಯಕ್ಕೇ ಹೋದ. ನಾನು ತಗೊಳ್ಳಿ ಅಂದ್ಬಿಟ್ಟೆ."

ಸಾರ್ ತಲೆ ಎತ್ತಿದರು. "ಛಲೋ ಮಾಡೀರಿ. ಅದಕ್ಕ ನಿಮಗ ಸಮಾಧಾನ ಐತಿ."

"ಸಮಾಧಾನ ಎಲ್ಲಿಂದ ಬರುತ್ತೆ? ಯಾಕಾದ್ರೂ ಕೊಟ್ನೋ ಅಂತ ಈಗ್ಲೂ ಅನ್ಸುತ್ತೆ. ಕೂತು ಯೋಚನೆ ಮಾಡಿದ್ದಿದ್ರೆ ಕೊಡ್ತಾನೇ ಇರ್ಲಿಲ್ಲ. ನೀವು ಕೂತು ಯೋಚನೆ ಮಾಡ್ತಾ ಇದ್ದೀರ. ಎದ್ದೇಳಿ."

ಒಳಗೆ ಕುಕ್ಕರ್ ಕೂಗಿತು.

"ಇವತ್ತ ಇದಕ್ಕೂ ಮಾಡೀರೇನ್ರಿ?" ಎಂದು ಸಾರ್ ಕೇಳಿದರು.

"ನನಗೇನು ಗೊತ್ತಿತ್ತು? ಮೂರಕ್ಕೂ ಇಟ್ಟಿದ್ದೀನಿ."

ಅವರು ನಕ್ಕರೋ ಅತ್ತರೋ ತಿಳಿಯಲಿಲ್ಲ. ಆಮೇಲೆ ಶುಂಠಿಯನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಬಾಷಾನಿಗೂ ಮುಟ್ಟಲು ಬಿಡದೆ, ತಾವೇ ಎತ್ತಿಕೊಂಡು ಹೋಗಿ ವ್ಯಾನಿನಲ್ಲಿ ಅದರ ಪಕ್ಕ ಕೂತರು. ಬೇಯಿಸಿದ ಮೂರನೇ ಪಾಲನ್ನು ಬೀದಿನಾಯಿಗೆ ಹಾಕಿದೆ. ಉಪ್ಪಿಲ್ಲ ಎಂದು ಅದೇನೂ ಬಿಡಲಿಲ್ಲ.

ಕೆಲವು ತಿಂಗಳ ಮೇಲೆ ಸಾರ್ ನನ್ನನ್ನೂ ವಿಶ್ವವಿದ್ಯಾಲಯಕ್ಕೆ ಕರೆದುಕೊಂಡು ಹೋದರು. ಆ ಹುಡುಗಿ ಶುಂಠಿಯ ಮಿದುಳಿನ ತೆಳು ಪದರ ಅಂಟಿಸಿದ್ದ ಗಾಜಿನ ಚೂರೊಂದನ್ನು, ದೊಡ್ಡದು ಮಾಡಿ ತೋರಿಸುವ ಯಂತ್ರದ ಕೆಳಗಿಟ್ಟು ನೋಡಿ ಅಂದಳು. ಗುಲಾಬಿ ಬಣ್ಣದ ನಡುವೆ ಕಂದು ಕಲೆಗಳು. ಶುಂಠಿ ಗೋಡೆ ನೋಡುತ್ತ ನಿಲ್ಲುತ್ತಿದ್ದುದಕ್ಕೂ ಈ ಕಲೆಗಳಿಗೂ ಸಂಬಂಧ ಇರಬಹುದಂತೆ. ಸಾರ್ ಬಹಳ ಹೊತ್ತು ನೋಡಿದರು. ನನಗೆ ಅದರಲ್ಲಿ ನಾಯಿ ಕಾಣಲಿಲ್ಲ, ಹಾಗೆಂದೇ ಹೇಳಿದೆ.

ಹೊರಡುವಾಗ ಅವಳನ್ನು ಕೇಳಿದೆ, "ನಮ್ಮ ಮನೆಯವರ ಕಣ್ಣು ಯಾರಿಗೆ ಹಾಕಿದ್ರು ಅಂತ ಈಗ ಹೋಗಿ ಕೇಳಿದ್ರೆ ಹೇಳ್ತಾರೇನಮ್ಮ?"

"ಇಲ್ಲ ಅಜ್ಜಿ. ಹೆಸರು ಹೇಳೋ ಹಾಗಿಲ್ಲ."

ಸಾರ್ ಪಕ್ಕದಲ್ಲೇ ಇದ್ದರು. "ನನಗ ಈ ಗಾಜಿನ ಚೂರಾದ್ರೂ ತೋರಿಸಿದ್ರು. ನಿಮಗ ಅದೂ ಇಲ್ಲ," ಅಂದರು.

ಈಗ ಆ ಕೆಲಸ ಬಿಟ್ಟಿದ್ದೇನೆ, ಮಂಡಿ ಕೇಳುವುದಿಲ್ಲ. ಮಗಳ ಮನೆಯಿಂದ ವಾಪಸ್ ಬರುವಾಗ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸಿಗೆ ನಿಲ್ಲುತ್ತೇನೆ. ಮೊದಲೆಲ್ಲ ಯಾರಾದರೂ ನನ್ನನ್ನೇ ದಿಟ್ಟಿಸಿದರೆ, "ಏನಯ್ಯಾ, ಮುದುಕೀನ ನೋಡಿಲ್ವಾ?" ಎಂದು ಕೇಳಿಯೇ ಬಿಡುತ್ತಿದ್ದೆ. ಈಗ ಕೇಳುವುದಿಲ್ಲ, ಅದು ಯಾರ ಕಣ್ಣೋ ಏನೋ. ನೋಡುವುದಾದರೆ ನೋಡಿಕೊಳ್ಳಲಿ ಎಂದು ಮುಖ ತಿರುಗಿಸದೆ ನಿಂತಿರುತ್ತೇನೆ.