ಭಾವನ ವ್ಯಾನಿನ ಎಣ್ಣೆ

ತ್ರಾಸಿಯಲ್ಲಿ ಹೆದ್ದಾರಿಯ ಪೂರ್ವದ ಅಂಚಿನಲ್ಲಿ, ಗಿರಿಜಕ್ಕನ ಪಂಕ್ಚರ್ ಅಂಗಡಿಯ ಎದುರು, ಸಮುದ್ರಕ್ಕೆ ಮುಖ ಮಾಡಿ ನಾನು ನಿಂತಿದ್ದೆ. ಕಳೆದ ಮಾರ್ಗಶಿರದ ಒಂದು ಗುರುವಾರ, ಬೆಳಗ್ಗೆ ಹನ್ನೊಂದು ಗಂಟೆ ದಾಟಿತ್ತು. ಬಿಸಿಲಿಗೆಂದು ಕೊಡೆ ಬಿಡಿಸಿಕೊಂಡಿದ್ದೆ. ಇಷ್ಟು ವಿವರ ಹೇಳುವುದಕ್ಕೆ ಕಾರಣ, ಮುಂದೆ ನಡೆದದ್ದನ್ನು ಕಂಡವರು ಎಲ್ಲರೂ ಒಂದೇ ರೀತಿ ಹೇಳುವುದಿಲ್ಲ. ನಾನು ಕಂಡಷ್ಟನ್ನು ಮಾತ್ರ ಹೇಳುತ್ತೇನೆ.

ಮೊದಲು ಕಂಡದ್ದು ಹೊಗೆ. ಉತ್ತರದಿಂದ ಬಂದ ಹಳೆಯ ವ್ಯಾನೊಂದು ನೀಲಿ ಹೊಗೆಯ ಬಾಲ ಎಳೆದುಕೊಂಡು ನನ್ನ ಮುಂದೆ ನಿಂತಿತು. ಅದು ನನ್ನ ಭಾವನ ವ್ಯಾನು. ಭಾವ ಕಿರಿಮಂಜೇಶ್ವರದಲ್ಲಿ ಅಡುಗೆಯ ಕೆಲಸ ಮಾಡುವವರು. ಆ ದಿನ ಬಾರ್ಕೂರಿನ ಒಂದು ಮನೆ ಒಕ್ಕಲಿನ, ಎಂದರೆ ಗೃಹಪ್ರವೇಶದ, ಊಟ ಅವರ ಪಾಲಿನದು. ಅನ್ನ, ಸಾರು, ಹುಳಿ, ಪಾಯಸ ಎಲ್ಲವನ್ನೂ ಮನೆಯಲ್ಲೇ ಮಾಡಿ ವ್ಯಾನಿಗೆ ಏರಿಸಿದ್ದರು. ದಾರಿಯಲ್ಲಿ ನನ್ನನ್ನೂ ಹತ್ತಿಸಿಕೊಳ್ಳುವುದೆಂದು ಮಾತಾಗಿತ್ತು. ಮುಂದಿನ ಸೀಟಿನಲ್ಲಿ ನನ್ನ ಅಕ್ಕ, ಅವಳ ಮಡಿಲಲ್ಲಿ ಪಾಯಸದ ಪಾತ್ರೆ. ಈ ಬಗೆಯ ವ್ಯಾನುಗಳಲ್ಲಿ ಎಂಜಿನ್ ಇರುವುದೇ ಮುಂದಿನ ಸೀಟಿನ ಅಡಿಯಲ್ಲಿ. ಅಕ್ಕನ ಎರಡೂ ಬದಿಯಿಂದ ಹೊಗೆ ಏಳುತ್ತಿತ್ತು. ಬೆಂಕಿ ಕಂಡೆ ಎಂದು ನಾನು ಹೇಳಲಾರೆ. ಹೊಗೆಯ ನಡುವೆ ಪಾತ್ರೆ ಅಪ್ಪಿಕೊಂಡು ಕೂತ ಅವಳ ಮುಖ ಕಂಡೆ. ಕೊಡೆ ಕೈಯಿಂದ ಯಾವಾಗ ಜಾರಿತೋ ತಿಳಿಯದು.

"ಇಳಿ ಮಾರಾಯ್ತಿ!" ಭಾವ ಕೂಗಿದರು.

"ಮೊದ್ಲ್ ಪಾಯ್ಸ ಹಿಡ್ಕಣಿ. ನಾ ಮತ್ ಇಳಿತೆ," ಎಂದಳು ಅಕ್ಕ.

ಪಾಯಸ ನನ್ನ ಕೈಗೆ ಬಂತು. ಭಾವ ಸೀಟು ಎತ್ತಿದರು. ಎಂಜಿನ್ನಿನ ಸಂದಿಯಿಂದ ಎಣ್ಣೆ ಜಿನುಗಿ, ಕಾದ ಕೊಳವೆಯ ಮೇಲೆ ಬಿದ್ದು ಸುಡುತ್ತಿತ್ತು. ಅಳತೆಯ ಕಡ್ಡಿ ಎಳೆದು ನೋಡಿದರೆ ಕೆಳಗಿನ ಗೆರೆಗೂ ಎಣ್ಣೆ ತಾಗಿರಲಿಲ್ಲ.

ಗಿರಿಜಕ್ಕ ಅಂಗಡಿಯಿಂದಲೇ ಕೇಳಿದಳು, "ಹ್ವಾಯ್ ಭಟ್ರೆ, ಎಂಜಿನ್ನಿಗೆ ಒಗ್ಗರ್ಣಿ ಹಾಕಿದ್ರ್ಯಾ?"

ಭಾವ ನಗಲಿಲ್ಲ. ಎಷ್ಟೋ ವರ್ಷಗಳ ಅಡುಗೆಯಲ್ಲಿ ಎಲೆಯ ಮುಂದೆ ಕೂತವರನ್ನು ಒಮ್ಮೆಯೂ ಕಾಯಿಸಿದವರಲ್ಲ ಅವರು. ಅದೊಂದೇ ಅವರ ಹೆಮ್ಮೆ. ಬಾರ್ಕೂರು ಇನ್ನೂ ದೂರವಿತ್ತು.

ಎಂಜಿನ್ ಸ್ವಲ್ಪ ತಣಿಯಲೆಂದು ಕಾಯುವಾಗ, ಇದೆಲ್ಲ ಹೇಗಾಯಿತೆಂದು ಅಕ್ಕ ಹೇಳಿದಳು. ಹಿಂದಿನ ವಾರ ಕುಂದಾಪುರದಲ್ಲಿ ವ್ಯಾನಿನ ಎಣ್ಣೆ ಬದಲಿಸುವಾಗ ಭಾವ ಎರಡು ಬಗೆಯ ಎಣ್ಣೆಯನ್ನು ಅಂಗೈಗೆ ಹಾಕಿಸಿಕೊಂಡು ನೋಡಿದರಂತೆ. ವ್ಯಾನು ಮೊದಲಿನಿಂದ ಕುಡಿದು ಬೆಳೆದದ್ದು ದಪ್ಪ ಎಣ್ಣೆ. ಅದು ಬೆಲ್ಲದ ಪಾಕದ ಹಾಗೆ ಬೆರಳಿಗೆ ಅಂಟಿತು. ಇನ್ನೊಂದು ಹೊಸ ಕಾರುಗಳಿಗೆ ಹಾಕುವ ತೆಳು ಎಣ್ಣೆ, ಜೇನಿನ ಬಣ್ಣ, ವಾಸನೆಯಿಲ್ಲ, ಬೆಲೆಯೂ ಮೇಲೆ. ಹೋಳಿಗೆ ಬೇಯಿಸುವವನ ಕಣ್ಣಿಗೆ ಯಾವುದು ಒಳ್ಳೆಯದಾಗಿ ಕಂಡಿರಬೇಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ಎಂಜಿನ್ನಿನ ಗಟ್ಟಿಯಾದ ರಬ್ಬರುಗಳ ಸಂದಿಯಲ್ಲಿ ದಪ್ಪ ಎಣ್ಣೆ ಹೇಗೋ ತಡೆದು ನಿಂತಿತ್ತು. ತೆಳುವಾದದ್ದು ದಾರಿ ಹುಡುಕಿಕೊಂಡು ಹೊರಟಿತು.

ನಾವೆಲ್ಲ ಎಣ್ಣೆಯನ್ನು ಅಳೆಯುವುದು ನಮಗೆ ಗೊತ್ತಿರುವ ಎಣ್ಣೆಯಿಂದಲೇ. ಬಾಣಲೆಯಲ್ಲಿ ಕಪ್ಪಾದ ಎಣ್ಣೆ ಚೆಲ್ಲಬೇಕಾದದ್ದು. ಎಂಜಿನ್ನಿನಲ್ಲಾದರೆ ಎಷ್ಟು ಓಡಿದರೂ ಕಪ್ಪಾಗದ ಎಣ್ಣೆಯನ್ನು ಹಿಡಿದು, ನೀನು ಇಷ್ಟು ದಿನ ಏನು ಮಾಡುತ್ತಿದ್ದೆ ಎಂದು ಕೇಳಬೇಕು. ಕೊಳೆ ಹೊತ್ತುಕೊಳ್ಳುವುದೇ ಅದರ ಕೆಲಸ. ನನ್ನ ತಿಳಿವೂ ಭಾವನದಕ್ಕಿಂತ ಹೆಚ್ಚಿನದಲ್ಲ. ಗಿರಿಜಕ್ಕನ ಅಂಗಡಿಯ ಡಬ್ಬಿಯ ಮೇಲೆ ಒಂದು ಅಂಕಿ, ಡಬ್ಲ್ಯು ಎಂಬ ಅಕ್ಷರ, ಮತ್ತೊಂದು ಅಂಕಿ ಕಂಡೆ. ಆ ಅಕ್ಷರ ತೂಕದ್ದೆಂದೇ ತಿಳಿದುಕೊಂಡೆ. ಅದು ಚಳಿಗಾಲದ ಗುರುತೆಂದು ಆಮೇಲೆ ಯಾರೋ ಹೇಳಿದರು. ಅದರ ಜೊತೆಗಿರುವ ಅಂಕಿ ಎಣ್ಣೆ ಚಳಿಯಲ್ಲಿ ಎಷ್ಟು ಸಲೀಸಾಗಿ ಹರಿಯುತ್ತದೆಂದು ಹೇಳುವುದಂತೆ. ಆಮೇಲಿನ ಅಂಕಿ ಕಾದಾಗ ಎಷ್ಟು ದಪ್ಪ ಉಳಿಯುತ್ತದೆಂಬುದಕ್ಕೆ. ನನಗೆ ನಗು ಬಂತು. ನಮ್ಮ ಕಡೆ ಚಳಿಗಾಲವೆಂದರೆ, ಬೆಳಗ್ಗೆ ತೆಂಗಿನೆಣ್ಣೆಯ ಬಾಟಲಿಯ ಕತ್ತಿನಲ್ಲಿ ಬೆಳ್ಳಗೆ ಹೆಪ್ಪುಗಟ್ಟುತ್ತದಲ್ಲ, ಅಷ್ಟೇ. ಒಲೆಯ ಹತ್ತಿರ ಇಟ್ಟರೆ ಸ್ನಾನಕ್ಕೆ ಮೊದಲು ಆ ಚಳಿಗಾಲವೂ ಮುಗಿಯಿತು. ಹಿಮ ಬೀಳುವ ಊರಿನ ಚಿಂತೆಯನ್ನು ಡಬ್ಬಿಯಲ್ಲಿ ತುಂಬಿ ನಮಗೆ ಮಾರುತ್ತಾರಲ್ಲ! ಹಾಗೆಂದು ದಪ್ಪವಾದಷ್ಟೂ ಒಳ್ಳೆಯದೆಂದೂ ಅಲ್ಲವಂತೆ. ತೀರ ದಪ್ಪವಾದರೆ ಎಂಜಿನ್ ಶುರುವಾದಾಗ ಮೂಲೆಮೂಲೆಗೆ ತಲುಪುವುದು ತಡವಾಗುತ್ತದೆ. ಬೈಂದೂರಿನ ಗ್ಯಾರೇಜಿನವರು ಒಂದು ಹೇಳುತ್ತಾರೆ, ಬ್ರಹ್ಮಾವರದವರು ಇನ್ನೊಂದು. ನಾನು ಈಗಲೂ ಕೇಳುತ್ತಲೇ ಇದ್ದೇನೆ.

ಆದರೆ ಆ ಬೆಳಗ್ಗೆ ಕೇಳುತ್ತ ಕೂರುವಂತಿರಲಿಲ್ಲ. ಎಂಜಿನ್ನಿನ ತಳದಲ್ಲಿ ಉಳಿದ ಸ್ವಲ್ಪವನ್ನು ಬಿಟ್ಟರೆ, ಮೇಲಿಂದ ಹೊಯ್ಯಲು ವ್ಯಾನಿನಲ್ಲಿ ಬೇರೆ ತೆಳು ಎಣ್ಣೆ ಇರಲಿಲ್ಲ. ಗಿರಿಜಕ್ಕ ದಪ್ಪ ಎಣ್ಣೆಯ ಡಬ್ಬಿ ತಂದಿಟ್ಟಳು. "ನನ್ನತ್ರ ಇಪ್ಪುದ್ ಇದೊಂದೇ. ತೆಳು ಬೇಕಾರೆ ಕುಂದಾಪ್ರಕ್ಕೇ ಹೋಯ್ಕ್."

ಭಾವ ಡಬ್ಬಿ ಮುಟ್ಟಲಿಲ್ಲ. "ಒಂದ್ ಎಣ್ಣಿಗೆ ಮತ್ತೊಂದ್ ಎಣ್ಣಿ ಬೆರ್ಸೂದಾ? ನೊರೆ ಬತ್ತ್. ನನ್ ಕೈಯಂಗ್ ಆತಿಲ್ಲೆ."

ಅದು ಅವರ ಅಡುಗೆಮನೆಯ ಕಟ್ಟಳೆ. ಉಳಿದ ಎಣ್ಣೆಗೆ ಹೊಸ ಎಣ್ಣೆ ಸುರಿದವನನ್ನು ಅವರು ಎರಡನೆಯ ಸಲ ಕೆಲಸಕ್ಕೆ ಕರೆಯುವುದಿಲ್ಲ. ಆದರೆ ಹಿಂದಿನ ಸೀಟಿನಲ್ಲಿ ಹುಳಿ ತಣಿಯುತ್ತಿತ್ತು. ಭಾವ ಒಮ್ಮೆ ಡಬ್ಬಿಯನ್ನೂ ಒಮ್ಮೆ ಹುಳಿಯ ಕೊಪ್ಪರಿಗೆಯನ್ನೂ ನೋಡಿದರು.

"ಹ್ವಾಯ್, ಅದೆಂತ ನಿಮ್ಮ ಬಾಣ್ಲಿಯಾ?" ಎಂದಳು ಅಕ್ಕ. "ಅದ್ರಂಗೆ ಯಾರೂ ಹಪ್ಳ ಕರಿತಿಲ್ಲೆ. ಅಲ್ಲಿ ಜನ ಎಲಿ ಮುಂದ್ ಕೂಕಂತ್ರ್ ಈಗ. ಹೊಯ್ನಿ ಕಾಂಬ."

ಭಾವ ಮುಖ ಸಮುದ್ರದ ಕಡೆ ತಿರುಗಿಸಿ ಎಣ್ಣೆ ಹೊಯ್ದರು. ಸ್ವಲ್ಪ ಹೊಯ್ಯುವುದು, ಕಡ್ಡಿ ನೋಡುವುದು, ಮತ್ತೆ ಸ್ವಲ್ಪ. ಕೈ ಮಾತ್ರ ಪಾಯಸಕ್ಕೆ ತುಪ್ಪ ಬಿಡುವ ಕೈಯೇ. ನೊರೆ ಬರಲಿಲ್ಲ. ತುರ್ತಿಗೆ ಎರಡು ಎಂಜಿನ್ ಎಣ್ಣೆ ಬೆರೆತರೆ ಪ್ರಳಯವಾಗುವುದಿಲ್ಲ, ಎಣ್ಣೆಯೇ ಇಲ್ಲದೆ ಓಡಿಸಿದರೆ ಆಗುತ್ತದೆ ಎಂಬುದು ನಾನು ಆಮೇಲೆ ತಿಳಿದದ್ದು. ವ್ಯಾನು ಒಮ್ಮೆ ಕೆಮ್ಮಿ ಹೊರಟಿತು. ಹಿಂದೆ ಕೊಪ್ಪರಿಗೆಗಳ ನಡುವೆ ಕೂತು ಬಾರ್ಕೂರಿನವರೆಗೂ ನಾನು ಅಕ್ಕನ ಸೀಟಿನ ಅಡಿಯನ್ನೇ ನೋಡುತ್ತಿದ್ದೆ. ಕುಂದಾಪುರವನ್ನು ಕಂಡ ನೆನಪಿಲ್ಲ. ಹೊಗೆ ಬರುತ್ತಿತ್ತು, ಆದರೆ ಕಡಿಮೆ.

ನಾವು ತಲುಪಿದಾಗ ಪಂಕ್ತಿ ಕೂತಾಗಿತ್ತು. ಎಲೆಯ ಮೇಲೆ ಉಪ್ಪು, ಉಪ್ಪಿನಕಾಯಿ ಬಿದ್ದಿದ್ದವು. ಮನೆಯವರು ತಾವೇ ಮಾಡಿದ್ದ ಕೋಸಂಬರಿಯನ್ನು ಎರಡನೆಯ ಸಲ ಬಡಿಸುತ್ತಿದ್ದರು. ಇದನ್ನು ನಾನು ಬಾಗಿಲಲ್ಲಿ ನಿಂತು ಕಣ್ಣಾರೆ ಕಂಡೆ. ಸಾಲಿನಲ್ಲಿದ್ದ ಒಬ್ಬ ಮುದುಕರು, "ಇನ್ನೊಂದ್ ಸುತ್ತ್ ಕೋಸಂಬ್ರಿ ಬಂದಿದ್ರೆ ಕೈ ತೊಳುಕೇ ಏಳ್ತಿದ್ದೆ ಮಾರಾಯ್ರೆ" ಎಂದರು. ಭಾವ ಕೇಳಿಸದವರ ಹಾಗೆ ಅನ್ನದ ಪಾತ್ರೆ ಎತ್ತಿದರು.

ಸಂದಿಯ ರಬ್ಬರು ಬದಲಾಗಿ, ವ್ಯಾನು ಈಗ ದಪ್ಪ ಎಣ್ಣೆಯಲ್ಲೇ ಓಡುತ್ತಿದೆ. ಮೊನ್ನೆ ನಾನು ತ್ರಾಸಿಯ ಸುದ್ದಿ ಎತ್ತಿದೆ. ಭಾವ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಲಿಲ್ಲ.

"ವ್ಯಾನ್ ನಿಂತದ್ದಾ? ನಿನ್ನ ಹತ್ತಿಸ್ಕಂಬುಕೆ ನಾ ನಿಲ್ಸದ್ದ್ ಮಾರಾಯ. ಯಾರನ್ನೂ ಕಾಯ್ಸಲಿಲ್ಲೆ."

ಆದ್ದರಿಂದ ಬರೆದಿಡುತ್ತೇನೆ. ಹೊಗೆಯನ್ನು ಕಂಡವರಲ್ಲಿ ಅಕ್ಕ ಇದ್ದಾಳೆ, ತ್ರಾಸಿಯ ಗಿರಿಜಕ್ಕ ಇದ್ದಾಳೆ, ನಾನಿದ್ದೇನೆ. ಭಾವನೂ ಗಟ್ಟಿಮುಟ್ಟಾಗಿ ಇದ್ದಾರೆ. ಅವರನ್ನು ಮಾತ್ರ ಕೇಳಬೇಡಿ. ಅಂಥದ್ದೇನೂ ನಡೆದಿಲ್ಲ ಎನ್ನುತ್ತಾರೆ. ಮಾತು ಬೆಳೆಯುವ ಮೊದಲೇ ಎಲೆ ಹಾಕಿ ನಿಮ್ಮನ್ನು ಕೂರಿಸುತ್ತಾರೆ. ಒಂದು ನಿಮಿಷವೂ ಕಾಯಿಸುವುದಿಲ್ಲ.