ಫ್ಲಾಪಿಗೆ ಸೂತಕ

ಪಂಚಮಿಗೆ ತಂಗಿ ತವರಿಗೆ ಬಂದಿದ್ದಳು. ಅವಳು ಉಂಡಿ ಕಟ್ಟುತ್ತ ಕುಳಿತಾಗ ನನ್ನ ಮಗ ತನ್ನ ಹೊಸ ಮೊಬೈಲು ತೋರಿಸಿ, ಇದಕ್ಕೆ ಆಂಟಿವೈರಸ್ ಹಾಕಿಸಬೇಕೋ ಬೇಡವೋ ಎಂದು ಕೇಳಿದ. ಹಾಕಿಸಲೇಬೇಕು ಎಂದು ಅಂಗಡಿಯವನು ಹೇಳಿದ್ದನಂತೆ. ಕಂಡಕಂಡದ್ದನ್ನು ಇಳಿಸಿಕೊಳ್ಳದಿದ್ದರೆ ಅದೇನೂ ಬೇಡ ಎಂದು ಗೆಳೆಯರು ಹೇಳಿದ್ದರಂತೆ.

"ನನ್ನ ಕೇಳಬ್ಯಾಡಪಾ," ಅಂದಳು ತಂಗಿ. "ನಾ ಮರೆಗುಳಿ. ನನ್ನ ಮರವಿಗೆ ಒಂದು ಅಂಗಡಿನೇ ಮುಚ್ಚ್ಯಾದ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ಮರೆಗುಳಿಯಲ್ಲ ಎಂಬುದು ಆ ಮನೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಕಲಬುರ್ಗಿಯಲ್ಲಿ ಕಂಪ್ಯೂಟರ್ ಕಲಿತು ಬಂದ ತಂಗಿ, ಆಳಂದದಲ್ಲಿ ಹಿಟ್ಟಿನ ಗಿರಣಿಗೆ ಹೊಂದಿಕೊಂಡ ಒಂದು ಕೋಣೆ ಹಿಡಿದು ಅಂಗಡಿ ಇಟ್ಟಳು. ಲಗ್ನಪತ್ರಿಕೆ, ಅರ್ಜಿ, ಕಬ್ಬು ಬೆಳೆಯುವವರ ತಕರಾರು, ಎಲ್ಲವನ್ನೂ ಟೈಪ್ ಮಾಡಿಕೊಡುತ್ತಿದ್ದಳು. ಅಪ್ಪ ಒಂದೇ ಷರತ್ತು ಹಾಕಿದ್ದ: "ಹೆಣ್ಣಮಗಳು ಒಬ್ಬಾಕೆ ಪ್ಯಾಟ್ಯಾಗ ಕುಂದ್ರೂದು ಬ್ಯಾಡ. ಅಣ್ಣ ಬಾಜೂಕ ಕುಂತ್ರ ಅಂಗಡಿ, ಇಲ್ಲಂದ್ರ ಇಲ್ಲ." ಐದನೆಯ ಇಯತ್ತೆಗೆ ಶಾಲೆ ಬಿಟ್ಟು ಹೊಲದಲ್ಲಿದ್ದ ನನ್ನನ್ನು ಕರೆತಂದು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರಿಸಿದರು. ಯಂತ್ರ ಚಾಲೂ ಮಾಡುವುದು, ಬಂದ್ ಮಾಡುವುದು, ಗಿರಣಿಯ ಹಿಟ್ಟು ಕೂರದಂತೆ ಅರಿವೆ ಹೊದಿಸುವುದು ನನ್ನ ಕೆಲಸ.

ತಂಗಿ ನನಗೆ ಇನ್ನೊಂದನ್ನೂ ಕಲಿಸಿದ್ದಳು. ಹೊರಗಿನಿಂದ ಯಾರೇ ಫ್ಲಾಪಿ ತರಲಿ, ಮೊದಲು ಆಂಟಿವೈರಸ್ಸಿನಿಂದ ಅದನ್ನು ಪರೀಕ್ಷೆ ಮಾಡಬೇಕು. ಪರದೆಯ ಮೇಲೆ ಹಸಿರು ಪಟ್ಟಿ ಹುಳದಂತೆ ತೆವಳಿ ಆ ಕೊನೆ ಮುಟ್ಟುವವರೆಗೆ ಕಾಯಬೇಕು. ಆಮೇಲೆಯೇ ಅದನ್ನು ತೆರೆಯಬೇಕು. ಬುತ್ತಿ ತಂದ ಅವ್ವ ಒಮ್ಮೆ ಇದನ್ನು ನೋಡಿ ಬೆರಗಾದಳು. ನಮ್ಮದು ಬಸವಣ್ಣನ ದಾರಿಯ ಮನೆತನ, ಮುಟ್ಟು ಮೈಲಿಗೆ ಎಣಿಸುವವರಲ್ಲ.

"ನಮ್ಮ ಮನ್ಯಾಗ ಸತ್ತರ ಸೂತಕಿಲ್ಲ, ಹಡದರ ಸೂತಕಿಲ್ಲ. ಈ ಡಬ್ಬಿಗ್ಯಾವ ಸೂತಕ ಬೇ?"

"ಇದು ಲಿಂಗ ಕಟ್ಟಿಕೊಂಡಿಲ್ಲಲ್ಲ ಯವ್ವಾ, ಅದಕ್ಕ," ಅಂದಳು ತಂಗಿ. ಆ ಮಾತು ಓಣಿಯೆಲ್ಲ ಹಬ್ಬಿತು. ಅವಳು ಯಾರಿಗೂ ಸಡಿಲು ಬಿಡುತ್ತಿರಲಿಲ್ಲ. ಗಡಿಯ ಊರು ಹಿರೋಳ್ಳಿಯ ಹಿರಿಯರೊಬ್ಬರು ಮದುವೆ ಪತ್ರಿಕೆಯ ಮರಾಠಿ ಭಾಗವನ್ನು ಸೊಲ್ಲಾಪುರದಲ್ಲಿ ಮಾಡಿಸಿ, ಕನ್ನಡ ಭಾಗಕ್ಕೆಂದು ಆ ಫ್ಲಾಪಿಯನ್ನು ನಮ್ಮಲ್ಲಿಗೆ ತಂದರು. ಬಸ್ಸು ಹೋಗ್ತದ, ಜಲ್ದಿ ಮಾಡವ್ವಾ ಎಂದು ಗೋಗರೆದರು. "ಬಸ್ಸು ಮತ್ತ ಬರ್ತದ್ರಿ ಕಾಕಾ," ಎಂದು ಅವಳು ಹಸಿರು ಪಟ್ಟಿ ಮುಗಿಯುವವರೆಗೂ ಅವರನ್ನು ನಿಲ್ಲಿಸಿದಳು. ಅವರು ಗೊಣಗುತ್ತ ನನ್ನ ಪಕ್ಕವೇ ನಿಂತಿದ್ದರು.

ಅದೇ ವಾರ ಅವಳು ಜೇವರ್ಗಿಗೆ, ಚಿಕ್ಕವ್ವನ ಬಸುರಿ ಮಗಳ ಕುಬಸಕ್ಕೆ ಹೋದಳು. ಅಂಗಡಿ ತೆರೆದಿಟ್ಟು ನಾನೊಬ್ಬನೇ ಕುಳಿತಿದ್ದೆ. ಅಫಜಲಪುರದ ನನ್ನ ಗೆಳೆಯನೊಬ್ಬ ಬಂದ. ಅಂಗಿಯ ಕಿಸೆಯಿಂದ ಒಂದು ಫ್ಲಾಪಿ ತೆಗೆದ. ಒಳಗೆ ಕಾರು ಓಡಿಸುವ ಆಟವಿತ್ತು.

"ತಡಿಯೋ, ಪರೀಕ್ಷಾ ಮಾಡ್ತೇನಿ," ಅಂದೆ.

"ಕರೆಂಟ್ ಹೋಗೋ ಟೈಮ್ ಆಗ್ಯಾದ ಲೇ. ಸೂತಕಿಲ್ಲದ ಮಂದಿ ನೀವು, ನನ್ನ ಫ್ಲಾಪಿಗೆ ಮೈಲಿಗಿ ಹಿಡಿತೀರೇನು? ಇಲ್ಲಾ, ತಂಗಿ ಅಪ್ಪಣಿ ಇಲ್ದ ಕೈ ಹಚ್ಚಂಗಿಲ್ಲೇನು ಸಾಹೇಬ್ರು?"

ಕೊನೆಯ ಮಾತು ನನಗೆ ಚುಚ್ಚಿತು. ಹಾಗೇ ಹಾಕಿದೆ. ಕರೆಂಟ್ ಹೋಗುವವರೆಗೆ ಇಬ್ಬರೂ ಕಾರು ಓಡಿಸಿದೆವು. ಅವನು ಫ್ಲಾಪಿ ಕಿಸೆಗೆ ಹಾಕಿಕೊಂಡು ಹೋದ. ನಾನು ಯಂತ್ರಕ್ಕೆ ಅರಿವೆ ಹೊದಿಸಿದೆ.

ಮೊದಮೊದಲು ಏನೂ ಆಗಲಿಲ್ಲ. ಅದೇ ವೈರಸ್ಸಿನ ಗುಣ ಎಂದು ನನಗೆ ಆಮೇಲೆ ತಿಳಿಯಿತು. ನಮ್ಮ ಯಂತ್ರಕ್ಕೆ ಹಾಕಿದ ಪ್ರತಿ ಫ್ಲಾಪಿಗೂ ಅದು ಸದ್ದಿಲ್ಲದೆ ಅಂಟಿಕೊಂಡು ಹೋಗುತ್ತಿತ್ತು. ನಮ್ಮ ಪತ್ರಿಕೆಗಳನ್ನು ಅಚ್ಚು ಹಾಕುತ್ತಿದ್ದ ಕಲಬುರ್ಗಿಯ ಛಾಪಖಾನೆಯವರು ತಂಗಿಯ ಫ್ಲಾಪಿಗಳನ್ನು ಹಿಂದಕ್ಕೆ ಕಳಿಸಿದರು, ಇದರಿಂದ ನಮ್ಮ ಯಂತ್ರ ಕೆಟ್ಟಿದೆ ಎಂದು. ಸ್ವಲ್ಪ ದಿನಕ್ಕೆ ನಮ್ಮದೂ ಚಾಲೂ ಆಗದೆ ನಿಂತಿತು. ರಿಪೇರಿಯವನು ಬಂದು ಎಲ್ಲ ಅಳಿಸಿ, ಹೊಸದಾಗಿ ಸರಿಮಾಡಿದ. ಅವಳು ಕೂಡಿಟ್ಟಿದ್ದ ಕೆಲಸವೆಲ್ಲ ಹೋಯಿತು.

"ಯಾವುದೋ ಒಂದು ಫ್ಲಾಪಿ ಪರೀಕ್ಷಾ ಮಾಡದ ಹಾಕೀರಿ ಅಕ್ಕಾರ," ಅಂದ ಅವನು.

"ಇಲ್ರಿ, ನಾ ಎಲ್ಲಾ ನೋಡೇ ಹಾಕ್ತೇನಿ," ಅಂದಳು. ಅವನು ಹೋದ ಮೇಲೆ ನನ್ನ ಕಡೆ ತಿರುಗಿದಳು. "ಅಣ್ಣಾ, ಆ ಹಿರೋಳ್ಳಿ ಕಾಕಾ ಅವಸರ ಮಾಡಿದ್ರಲ್ಲ. ಅವತ್ತ ನಾ ಪರೀಕ್ಷಾ ಮಾಡಿದ್ನೋ ಇಲ್ಲೋ? ನೀ ಬಾಜೂಕ ಇದ್ದಿ."

ನನ್ನ ತಲೆಯಲ್ಲಿ ಒಂದೇ ಲೆಕ್ಕ ಓಡುತ್ತಿತ್ತು. ಹೌದು, ನೀನು ಪರೀಕ್ಷೆ ಮಾಡಿದ್ದೆ ಎಂದರೆ, ಮತ್ತೆ ಎಲ್ಲಿಂದ ಬಂತು ಎಂದು ಅವಳು ಹುಡುಕುತ್ತಾಳೆ. ಹುಡುಕಿದರೆ ನನ್ನಲ್ಲಿಗೇ ಬರುತ್ತಾಳೆ. ಅಪ್ಪನಿಗೆ ತಿಳಿದರೆ ನನ್ನನ್ನು ಕುರ್ಚಿಯಿಂದ ಎಬ್ಬಿಸುತ್ತಾನೆ. ನಾನಿಲ್ಲದಿದ್ದರೆ ಅಂಗಡಿಯೇ ಇಲ್ಲ. ಬಾಯಿ ಬಿಟ್ಟರೂ ಅವಳಿಗೇ ನಷ್ಟ ಎಂದು ನನಗೆ ನಾನೇ ಹೇಳಿಕೊಂಡೆ.

"ನೆನಪಿಲ್ಲ ತಂಗೆವ್ವಾ," ಅಂದೆ.

ಅಂಗಡಿ ಹೇಗೂ ಉಳಿಯಲಿಲ್ಲ. ಆ ಅಂಗಡಿಯ ಫ್ಲಾಪಿ ಮುಟ್ಟಬೇಡಿ ಎಂಬ ಮಾತು ಕಲಬುರ್ಗಿಯಿಂದ ಯಡ್ರಾಮಿಯವರೆಗೆ ಹೋಯಿತು. ಸೂತಕವಿಲ್ಲದ ಮನೆಯ ಮಗಳಿಗೆ ಊರೆಲ್ಲ ಸೂತಕ ಹಿಡಿಯಿತು. ಗಿರಾಕಿಗಳಿಲ್ಲದ ಆ ತಿಂಗಳುಗಳಲ್ಲಿ ನಾವಿಬ್ಬರೂ ಆ ಕೋಣೆಯಲ್ಲಿ ಸುಮ್ಮನೆ ಕೂರುತ್ತಿದ್ದೆವು. ಪಕ್ಕದಲ್ಲಿ ಗಿರಣಿ ಗುಡುಗುತ್ತಿತ್ತು. ಅದು ನಿಂತರೆ ಅವಳೇನಾದರೂ ಕೇಳುತ್ತಾಳೆಂದು ನನಗೆ ಭಯ. ಎದ್ದು ಹೋಗುವಂತೆಯೂ ಇರಲಿಲ್ಲ. ಅವಳು ಒಂದೇ ಫ್ಲಾಪಿಯನ್ನು ಎರಡೆರಡು ಸಲ ಪರೀಕ್ಷೆ ಮಾಡತೊಡಗಿದಳು. ಬೀಗ ಹಾಕಿ ಓಣಿಯ ತುದಿಯವರೆಗೆ ಹೋದವಳು ತಿರುಗಿ ಬಂದು ಅದನ್ನು ಜಗ್ಗಿ ನೋಡುತ್ತಿದ್ದಳು. "ಹಾಕೀನೋ ಇಲ್ಲೋ ಅಂತ ಅನುಮಾನ ಅಣ್ಣಾ," ಅನ್ನುತ್ತಿದ್ದಳು. ಮೊದಲು ಅವಳು ಹೀಗಿರಲಿಲ್ಲ. ಕಡೆಗೆ ಅಪ್ಪ ಅಂಗಡಿ ಬಿಡಿಸಿ, ಬಂದ ಗಂಡಿಗೆ ಅವಳನ್ನು ಕೊಟ್ಟ. ಈಗಲೂ ಅವಳು ಒಲೆ ಆರಿಸಿದೆನೋ ಇಲ್ಲವೋ ಎಂದು ಹಾಸಿಗೆಯಿಂದ ಎದ್ದು ನೋಡುತ್ತಾಳೆ.

ಪಂಚಮಿಯ ದಿನ ಎಲ್ಲರ ನಗು ನಿಂತ ಮೇಲೆ ನಾನು ಮಗನಿಗೆ ಹೇಳಿದೆ: "ಆಂಟಿವೈರಸ್ ಇದ್ರ ಇರ್ಲಿ. ಆದ್ರ ಯಾವನರೆ ದೋಸ್ತ ಆಟ ಕೊಟ್ಟ ಅಂತ ನೋಡದ ಹಾಕ್ಕೋಬ್ಯಾಡ."

ತಂಗಿಯ ಕೈಯಲ್ಲಿ ಉಂಡಿ ಹಾಗೇ ನಿಂತಿತು. "ಆಟದ ಮಾತ್ಯಾಕ ಬಂತಣ್ಣಾ?"

"ಹಂಗೇ ಅಂದೆ," ಅಂದೆ. ಅಷ್ಟು ವರ್ಷದ ಹಿಂದಿನ ಬಾಯಿಯೇ ಮತ್ತೆ ಮಾತಾಡಿತು.

ನಾನು ಆಗಾಗ ಕೈಯಲ್ಲಿ ಗೀಚುವ ಕತೆಗಳನ್ನೆಲ್ಲ ತಿದ್ದಿ ಟೈಪ್ ಮಾಡಿಕೊಡುವವಳು ಅವಳೇ. ನನ್ನ ಒತ್ತಕ್ಷರಗಳು ಬೇರೆಯವರಿಗೆ ತಿಳಿಯುವುದಿಲ್ಲ. ಈ ಹಾಳೆಗಳನ್ನೂ ಅವಳಿಗೇ ಕೊಡುತ್ತಿದ್ದೇನೆ. ಟೈಪ್ ಮಾಡುತ್ತ ಇಲ್ಲಿಯವರೆಗೆ ಬಂದಿದ್ದರೆ, ತಂಗೆವ್ವಾ, ಇದೊಂದನ್ನು ತಿದ್ದದೆ ಬಿಡು. ಹಿರೋಳ್ಳಿಯವರ ಫ್ಲಾಪಿಯನ್ನು ಅವತ್ತು ನೀನು ಪರೀಕ್ಷೆ ಮಾಡಿದ್ದೆ. ಹಸಿರು ಪಟ್ಟಿ ಕೊನೆ ಮುಟ್ಟಿತ್ತು. ನಾನು ಪಕ್ಕದಲ್ಲೇ ಇದ್ದೆ, ನೋಡಿದ್ದೇನೆ.