ಕಾಕಾನ ಬಲಗಾಲಿನ ಬೂಟು

ನಾನು ಶಾಲೆ ಬಿಟ್ಟದ್ದು 1941ರಲ್ಲಿ, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂಡುವ ಮೊದಲೇ. ಆಮೇಲೆ ಕಲಿತದ್ದೆಲ್ಲ ತೊಗಲಿನ ಮೇಲೆ. ಮೊನ್ನೆ ಜಲನಗರದ ಮನೆಯಲ್ಲಿ ಮೊಮ್ಮಗಳು ಹಳೆಯ ಟ್ರಂಕು ತೆರೆದಳು. ಔಡಲೆಣ್ಣೆ ಕುಡಿದ ತೊಗಲಿನ ವಾಸನೆ ಬಂತು. ಅದರ ಹಿಂದೆಯೇ ತಿಕೋಟಾದ ಮಗ್ಗುಲ ಮನೆಯ ಕಾಕಾ ಕುಂಟುತ್ತ ಬಂದರು...

ಕಾಕಾ ಪಲ್ಟನ್ನಿನಲ್ಲಿ ಹೇಸರಗತ್ತೆ ನೋಡಿಕೊಳ್ಳುತ್ತಿದ್ದವರು. ಯುದ್ಧ ಮುಗಿದ ಮೇಲೆ ರಜೆಯ ಮೇಲಿದ್ದ ಒಬ್ಬ ಸಾಹೇಬ, ಗಢವಾಲದ ಆಚೆ ಅದುವರೆಗೆ ಯಾರೂ ಹತ್ತದ ಶಿಖರವೊಂದಕ್ಕೆ ಅವರನ್ನು ಕರೆದೊಯ್ದ. ಇಬ್ಬರೂ ಒಂದೇ ಹಗ್ಗ ಸೊಂಟಕ್ಕೆ ಬಿಗಿದುಕೊಂಡು ಹತ್ತಿದರು. ತುದಿ ಹತ್ತು ಹೆಜ್ಜೆ ಇದೆ ಎನ್ನುವಾಗ ಕಾಕಾ ಕೂತು ಬೂಟು ಕಳಚಿದರು.

"ದೇವರ ನೆತ್ತಿ ಮ್ಯಾಲ ಬೂಟ ಹಾಕ್ಕೊಂಡು ಹೆಂಗ ನಿಂದ್ರಲಿ?" ಎನ್ನುತ್ತಿದ್ದರು.

ಬರಿಗಾಲಲ್ಲಿ ಹೋಗಿ ಕೈಮುಗಿದು ಬರುವಷ್ಟರಲ್ಲಿ ಬೂಟು ಹೆಪ್ಪುಗಟ್ಟಿ ಕಲ್ಲಾಗಿದ್ದವು. ಎಡಗಾಲು ಹೇಗೋ ಹೊಕ್ಕಿತು. ಬಲಗಾಲಿಗೆ ಬಟ್ಟೆ ಸುತ್ತಿಕೊಂಡು ಇಳಿದರು. ಹಿಮಕ್ಕೆ ಸತ್ತ ಅದರ ಐದೂ ಬೆರಳನ್ನು ಆಸ್ಪತ್ರೆಯಲ್ಲಿ ತೆಗೆದರು.

ಊರಿಗೆ ಬಂದವರು ಕೂತಲ್ಲಿ ಕೂಡಲಿಲ್ಲ. ಕಟ್ಟೆಯಿಂದ ಬಾವಿಗೆ, ಬಾವಿಯಿಂದ ಕಟ್ಟೆಗೆ. "ನಿಮ್ಮ ಕಾಕಾನ ಕಾಲಿಗೆ ಬೆರಳಿಲ್ಲ ಖರೆ, ಚಕ್ರ ಅದಾವ," ಎಂದು ಅವರ ಹೆಂಡತಿ ಕಾಕು ನಗುತ್ತಿದ್ದರು. ನಗುತ್ತಲೇ, ಕಾಕಾ ಮತ್ತೆ ಹೊರಡದಿರಲೆಂದು ಅವರ ಪಲ್ಟನ್ ಚೀಲ ಬಚ್ಚಿಟ್ಟಿದ್ದರು. ಆ ಶಿಖರದ ಮಗ್ಗುಲಲ್ಲಿ ಇನ್ನೊಂದಿತ್ತಂತೆ, ಅದನ್ನೂ ಯಾರೂ ಹತ್ತಿರಲಿಲ್ಲವಂತೆ. ಬೇಸಿಗೆ ಕಳೆದರೆ ದಾರಿ ಮುಚ್ಚುತ್ತಿತ್ತು. ಕಾಕಾನಿಗೆ ಬೂಟು ಬೇಕಿತ್ತು, ಹೊಲಿಯುವವನು ನಾನು.

"ಮೋಟ ಮಾಡೋ ತಮ್ಮಾ. ಕಾಲು ಎಲ್ಲಿ ಮುಗಿತೈತಿ, ಬೂಟೂ ಅಲ್ಲೇ ಮುಗೀಲಿ."

"ಮಂದಿ ನಗತಾರ ಕಾಕಾ. ನನ್ನ ಅಂಗಡಿಯಿಂದ ಮೋಟ ಬೂಟ ಹೊರಗ ಬೀಳಂಗಿಲ್ಲ."

"ನಗ್ಲಿ ಬಿಡು. ನಡಿಯಾಂವ ನಾನು."

ನಾನು ಕೇಳಲಿಲ್ಲ. ಎಡಗಾಲಿನಷ್ಟೇ ಉದ್ದ ಹೊಲಿದು, ಮುಂದಿನ ಪೊಳ್ಳಿಗೆ ಅರಳೆ ತುಂಬಿದೆ. ಯಾವ ಕಾಲಿಗೆ ಬೆರಳಿಲ್ಲವೆಂದು ನೋಡಿದವರಿಗೆ ತಿಳಿಯಲಿಲ್ಲ. ಅವರು ಹೊಗಳಿದರು, ನಾನು ಹಿಗ್ಗಿದೆ.

ಕಾಲು ತಡೆಯುತ್ತದೋ ಇಲ್ಲವೋ ನೋಡಲು ಕಾಕಾ ಬಬಲೇಶ್ವರದವರೆಗೆ ನಡೆದು ಹೋಗಿಬಂದರು. ಅರಳೆ ಗಂಟುಗಟ್ಟಿ ಗಾಯದ ಜಾಗವನ್ನೇ ಉಜ್ಜಿತ್ತು. ಬೂಟಿನ ತುಂಬ ರಕ್ತ. ಬೈಯಲಿಲ್ಲ ಅವರು. "ಚಂದ ಮಾತ್ರ ಕಾಣತೈತಿ ನೋಡು," ಎಂದರು, ಅಷ್ಟೇ.

ತಪ್ಪಾಯಿತು ಎನ್ನಲು ನನಗೆ ಬಾಯಿ ಬರಲಿಲ್ಲ. ಹೇಳದೆ ಕೇಳದೆ, ಬೂಟಿನ ಅಳತೆಗೆ ಇಟ್ಟುಕೊಂಡಿದ್ದ ಕಟ್ಟಿಗೆಯ ಪಾದವನ್ನು ಗರಗಸದಿಂದ ಮೋಟು ಮಾಡಿ, ಮೂರು ದಿನ ಕೂತು ಹೊಸದು ಹೊಲಿದೆ. ನಾಲ್ಕನೆಯ ಮುಂಜಾನೆ ಒಯ್ದಾಗ ಕಾಕು ಹೊಸ್ತಿಲ ಮೇಲೆ ಕೂತಿದ್ದರು. ಬಚ್ಚಿಟ್ಟ ಚೀಲ ಇರಲಿಲ್ಲ. ಕಾಕಾ ವಿಜಾಪುರ ಸ್ಟೇಷನ್ನಿನಲ್ಲಿ ಸೊಲ್ಲಾಪುರದ ಗಾಡಿ ಹತ್ತುತ್ತಿದ್ದುದನ್ನು ಯಾರೋ ಕಂಡಿದ್ದರಂತೆ, ನಾನು ಮೊದಲು ಹೊಲಿದ ಆ ಉದ್ದನೆಯ ಬೂಟಿನಲ್ಲೇ...

"ಬೂಟ ಇಲ್ದಿದ್ರ ಬರಿಗಾಲಾಗಾದ್ರೂ ಹೋಗ್ತಿದ್ರು. ನೀ ಮನಸಿಗೆ ಹಚ್ಕೋಬ್ಯಾಡ ತಮ್ಮಾ," ಎಂದರು ಕಾಕು. ಕಾಗದ ಬರಲಿಲ್ಲ. ಕಾಕಾನೂ ಬರಲಿಲ್ಲ. ಹೊಸದು ಹೊಲಿಯುತ್ತಿದ್ದೇನೆಂದು ನಾನು ಒಂದು ಮಾತು ಹೇಳಿದ್ದರೆ ಮೂರು ದಿನ ಕಾಯುತ್ತಿದ್ದರೇನೋ...

ಟ್ರಂಕು ಮುಚ್ಚಲು ಹೇಳಿದೆ. ಈಗ ನನಗಿರುವುದು ಎರಡು ಅಂಗಡಿ, ಒಂದು ಮನೆ, ಮೂವರು ಮಕ್ಕಳು, ಐದು ಮೊಮ್ಮಕ್ಕಳು, ಬಲಗಾಲಿನ ಮೋಟು ಬೂಟು ಒಂದು.